ಆಯುಧಪೂಜೆಯ ದಿನ ಬಂದ ಅಪ್‌ಡೇಟ್

ನನ್ನ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಒಂದು ಸಂದೇಶ ಬಂದು ಕೂರುತ್ತಿತ್ತು. ಅಪ್‌ಡೇಟ್ ಸಿದ್ಧವಾಗಿದೆ, ಈಗಲೇ ಹಾಕಿಕೊಳ್ಳುತ್ತೀರೋ ಆಮೇಲೋ ಎಂದು ಅದು ಬಲು ಮರ್ಯಾದೆಯಿಂದ ಕೇಳುತ್ತಿತ್ತು. ನಾನೂ ಅಷ್ಟೇ ಮರ್ಯಾದೆಯಿಂದ ದಿನಾ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು 'ಆಮೇಲೆ' ಒತ್ತುತ್ತಿದ್ದೆ. ಹೆಣ್ಣು ನೋಡಿಕೊಂಡು ಹೋದವರು 'ಊರಿಗೆ ಹೋಗಿ ತಿಳಿಸ್ತೀವಿ' ಅನ್ನುತ್ತಾರಲ್ಲ, ಹಾಗಿತ್ತು ನಮ್ಮಿಬ್ಬರ ವ್ಯವಹಾರ. ಅದಕ್ಕೆ ಬೇಸರವಾಗಲಿಲ್ಲ, ನನಗೆ ನಾಚಿಕೆಯಾಗಲಿಲ್ಲ.

ನಮ್ಮದು ಆಂಧ್ರದ ಗಡಿಯೊಳಗಿನ ಹಿಂದೂಪುರದಲ್ಲಿ ಮಗ್ಗದ ಮನೆ. ಅಪ್ಪ ರೇಷ್ಮೆ ಸೀರೆಯ ಅಂಚಿನ ಡಿಸೈನನ್ನು ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನಾನು ಅದನ್ನೇ ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಒಂದು ಪಂಚಿಂಗ್ ಮಿಷನ್ ಇದೆ. ಕಂಪ್ಯೂಟರ್ ಹೇಳಿದ ಹಾಗೆ ಅದು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತದೆ. ಆ ಕಾರ್ಡುಗಳನ್ನು ಸರವಾಗಿ ಹೊಲಿದು ಮಗ್ಗದ ಮೇಲಕ್ಕೆ ಏರಿಸಿದರೆ, ತೂತು ಇದ್ದ ಕಡೆ ಜರಿ ಮೇಲೆ ಬರುತ್ತದೆ, ಇಲ್ಲದ ಕಡೆ ಕೆಳಗೆ ಉಳಿಯುತ್ತದೆ. ನವಿಲಾಗಲಿ, ಮಾವಿನಕಾಯಿಯಾಗಲಿ, ಹುಟ್ಟುವುದು ಹೀಗೆಯೇ. ಡಿಸೈನ್ ಹಾಕುವ ಸಾಫ್ಟ್‌ವೇರ್ ಹಳೆಯದು, ಮಿಷನ್ ಅದಕ್ಕಿಂತ ಹಳೆಯದು, ನಾನು ಇಬ್ಬರಿಗಿಂತಲೂ ಹಳಬ. ಮೂವರೂ ಹೊಂದಿಕೊಂಡು ಸಂಸಾರ ಮಾಡುತ್ತಿದ್ದೆವು. ನಡುವೆ ಹೊಸಬರನ್ನು ಕರೆದು ತಂದು ಕೂರಿಸಿಕೊಳ್ಳುವುದಕ್ಕೆ ನನಗೇನು ಹುಚ್ಚೇ?

ಅದರಲ್ಲೂ ಈ ವರ್ಷ. ಕಲ್ಯಾಣದುರ್ಗದಲ್ಲಿರುವ ನನ್ನ ಅಕ್ಕನ ಮಗಳಿಗೆ ಕಾರ್ತಿಕದಲ್ಲಿ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮುಹೂರ್ತದ ಸೀರೆ ಸೋದರಮಾವನ ಮನೆಯಿಂದ ಹೋಗಬೇಕು. ಮಗ್ಗದ ಮನೆ ಅಂದ ಮೇಲೆ ಮನೆಯ ಮಗ್ಗದಿಂದಲೇ ಇಳಿದಿರಬೇಕು. ಹುಡುಗಿ ಅದನ್ನು ಮುಹೂರ್ತದ ದಿನದವರೆಗೆ ಕಣ್ಣಿನಿಂದ ನೋಡಬಾರದು ಎಂಬುದು ಇನ್ನೊಂದು ಕಟ್ಟಳೆ.

ಅಕ್ಕನ ಮದುವೆಯಲ್ಲಿ ಇದು ನಡೆಯಲಿಲ್ಲ. ನಮಗೆ ಸೋದರಮಾವ ಇರಲಿಲ್ಲವಾದ್ದರಿಂದ ಅಪ್ಪನೇ ನೇಯಲು ಕೂತಿದ್ದರು. ಅರ್ಧ ನೇಯ್ದಿದ್ದಾಗ ಕಾಮಾಲೆ ಬಂದು ಮಲಗಿಬಿಟ್ಟರು. ಕೊನೆಗೆ ಅಂಗಡಿಯಿಂದ ಒಂದು ಸೀರೆ ತಂದು ಉಡಿಸಿದರು. ಧಾರೆಯ ಹೊತ್ತಿಗೆ ಅಕ್ಕನ ಅತ್ತೆ ತುಂಬಿದ ಚಪ್ಪರದಲ್ಲಿ, "ಮಗ್ಗದೋರ ಮನೆ ಹುಡ್ಗಿ, ಅಂಗ್ಡಿ ಸೀರೆ!" ಅಂದರು. ಅಂದದ್ದು ಒಂದು ಸಲವಲ್ಲ. ಅವರದು ಕಡಲೆಕಾಯಿ ಬೆಳೆಯುವ ಮನೆ, ಬಾಯಿಗೆ ಬರವಿಲ್ಲ. ಯುಗಾದಿಗೆ ಅಂದರು, ದೀಪಾವಳಿಗೆ ಅಂದರು, ಅಕ್ಕನ ಸೀಮಂತದಲ್ಲಿ ಅಂದರು. ಅಕ್ಕ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಆದರೆ ಆ ಸೀರೆಯನ್ನು ಮತ್ತೆ ಉಡಲೂ ಇಲ್ಲ. ಮಗಳ ಮದುವೆ ಗೊತ್ತಾದ ದಿನ ನನಗೆ ಫೋನ್ ಮಾಡಿ ಅವಳು ಒಡವೆಯ ಮಾತು ಎತ್ತಲಿಲ್ಲ, ಛತ್ರದ ಮಾತು ಎತ್ತಲಿಲ್ಲ.

"ಸೀರೆ ಮಾತ್ರ ನಮ್ಮನೆ ಮಗ್ಗದಾಗಿಂದು ಬರ್ಬೇಕು ಕಣ್ಲಾ. ಬೇರೆ ಏನೂ ಕೇಳಕಿಲ್ಲ ನಾನು" ಅಂದಳು.

ಹಾಗಾಗಿ ಈ ವರ್ಷದ ಶ್ರಾವಣ, ಭಾದ್ರಪದ ಎರಡೂ ಆ ಅಂಚಿಗೇ ಹೋದವು. ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಡಿಸೈನಿನ ಜಾಡು ಹಿಡಿದು, ಬಳ್ಳಿಯ ನಡುವೆ ಜೋಡಿ ಗಿಳಿ ಕೂರಿಸಿದೆ. ಗಿಳಿಯ ಕೊಕ್ಕು ಒಂದು ವಾರ ನನ್ನ ಜೀವ ಹಿಂಡಿತು. ದಸರೆಗೆ ಮುಂಚೆ ಮುಗಿಯಿತು. ಮುಗಿದ ಖುಷಿಯಲ್ಲಿ ಆ ಅಂಚಿನ ಚಿತ್ರವನ್ನೇ ಪರದೆಯ ತುಂಬ ಹಾಕಿಕೊಂಡೆ. ಕಂಪ್ಯೂಟರ್ ಹಚ್ಚಿದರೆ ಸಾಕು, ಗಿಳಿಗಳೇ ಎದುರಾಗುತ್ತಿದ್ದವು. ಆ ದಿನವೇ ಕಾರ್ಡು ಹೊಡೆದುಬಿಡಬಹುದಿತ್ತು. ಅಮ್ಮ ಬಿಡಲಿಲ್ಲ. ಮದುವೆ ಸೀರೆಯ ಕೆಲಸ ವಿಜಯದಶಮಿಯ ದಿನ ಶುರುವಾಗಬೇಕು ಅಂದಳು. ಹಿಂದಿನ ದಿನ ಆಯುಧಪೂಜೆ.

ಆಯುಧಪೂಜೆ ಅಂದರೆ ನಮ್ಮ ಮನೆಯಲ್ಲಿ ಅಮ್ಮನ ಆಡಳಿತ. ಮಗ್ಗಕ್ಕೆ, ಲಾಳಿಗೆ, ಕತ್ತರಿಗೆ, ಪಂಚಿಂಗ್ ಮಿಷನ್ನಿಗೆ, ನನ್ನ ಬೈಕಿಗೆ, ಪೊರಕೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಪೂಜೆಯಾದ ಮೇಲೆ ಮರುದಿನ ಬೆಳಿಗ್ಗೆ ತನಕ ಯಾವುದನ್ನೂ ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿದಿದೆ, ಒಂದು ದಿನ ಮಲಗಲಿ ಅನ್ನುವುದು ಅವಳ ನ್ಯಾಯ. ಕಂಪ್ಯೂಟರಿಗೂ ಅಡ್ಡಡ್ಡ ವಿಭೂತಿ ಬಳಿದು, ಪೆಟ್ಟಿಗೆಗೆ ಹಾರ ಹಾಕಿ, ಮೌಸಿನ ಮೇಲೆ ಒಂದು ಚೆಂಡುಹೂವು ಇಟ್ಟಳು. ನಾನು ಆರಿಸಿಬಿಡೋಣ ಅಂದೆ.

"ಕತ್ಲು ಮುಖಕ್ಕೆ ಆರತಿ ಎತ್ತಾರೇನ್ಲಾ? ದೀಪ ಉರೀತಿರ್ಲಿ" ಅಂದಳು. ಗಿಳಿಗಳು ಬೆಳಗುತ್ತಾ ಇದ್ದವು. ನೋಡುವುದಕ್ಕೆ ಚೆಂದವೇ ಇತ್ತು, ಸುಳ್ಳು ಹೇಳಬಾರದು.

ಹೋಳಿಗೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ನನ್ನ ಹೆಂಡತಿ ಒಳಗಿಂದ ಕೂಗಿದಳು. "ಇಲ್ಬನ್ನಿ, ಕಂಪ್ಯೂಟರ್ ಏನೋ ಅಂತೈತೆ."

ಹೋಗಿ ನೋಡಿದೆ. ಆ ದಿನ ಬೆಳಿಗ್ಗೆ ನಾನು 'ಆಮೇಲೆ' ಒತ್ತಿರಲಿಲ್ಲ. ಪರದೆಯ ನಡುವೆ ದೊಡ್ಡದಾಗಿ ಬಂದಿತ್ತು: ಇನ್ನು ಸ್ವಲ್ಪ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿ ಹತ್ತುತ್ತದೆ, ಅಪ್‌ಡೇಟ್ ಆಗುತ್ತದೆ. ಕೆಳಗೆ ನಿಮಿಷಗಳು ಇಳಿಯುತ್ತಿದ್ದವು. ಪಕ್ಕದಲ್ಲೇ 'ಆಮೇಲೆ' ಎಂಬ ಗುಂಡಿ, ನನ್ನ ಹಳೆಯ ಸ್ನೇಹಿತ, ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿದೆ.

"ಮುಟ್ಬೇಡ!" ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅಮ್ಮಾ, ಒಂದೇ ಒಂದು ಸಲ ಒತ್ತಬೇಕು ಕಣಮ್ಮ. ಇಲ್ದಿದ್ರೆ ಇದು ಅಪ್‌ಡೇಟ್ ಆಗ್ಬುಡ್ತೈತೆ."

"ಆದ್ರೆ ಏನಾಯ್ತೈತೆ?"

ಏನಾಗುತ್ತದೆ ಎಂದು ಗೊತ್ತಿಲ್ಲದ್ದರಿಂದಲೇ ಅಲ್ಲವೇ ಅಷ್ಟು ದಿನ 'ಆಮೇಲೆ' ಒತ್ತಿದ್ದು. "ಕೆಟ್ಟೋಗ್ಬಹುದು" ಅಂದೆ.

"ಪೂಜೆ ಮಾಡಿದ್ದು ಕೆಟ್ಟೋಯ್ತದಾ? ನಾಲಿಗೆ ಕಚ್ಕೋ."

ನಾನು ಅಮ್ಮನ ಕೈಯಲ್ಲಿದ್ದ ಫೋನು ತೋರಿಸಿದೆ. ಅದಕ್ಕೂ ಕುಂಕುಮ ಇಟ್ಟಿದ್ದಳು. ಆದರೂ ಬೆಳಗಿನಿಂದ ನಾಲ್ಕಾರು ಜನರ ಹತ್ತಿರ ಮಾತಾಡಿ ಮುಗಿಸಿದ್ದಳು. ಫೋನಿಗೆ ಯಾವ ರಿಯಾಯಿತಿ ಎಂದು ಕೇಳಿದೆ.

"ಫೋನಿಂದ ಅನ್ನ ಬತ್ತದೇನ್ಲಾ? ಫೋನಿಂದ ಬರೋದು ಮಾತು. ಅನ್ನ ಬರೋದು ಇದ್ರಿಂದ. ಅದಕ್ಕೇ ಇದು ಆಯುಧ, ಅದು ಆಯುಧ ಅಲ್ಲ."

ನನ್ನ ಹೆಂಡತಿ ಮಧ್ಯೆ ಬಂದಳು. ಕೈಯಲ್ಲಿ ಮುಟ್ಟುವುದು ಬೇಡ, ಪೊರಕೆ ಕಡ್ಡಿಯಲ್ಲಿ ಒತ್ತಿದರೆ? ಅಮ್ಮ ಪೊರಕೆಯ ಮೇಲಿನ ಕುಂಕುಮ ತೋರಿಸಿದಳು. ಪ್ಲಗ್ ಕಿತ್ತರೆ? ದೀಪ ಆರಿಸಿದ ಹಾಗೆ, ಮನೆಯಲ್ಲಿ ಮದುವೆ ಇಟ್ಟುಕೊಂಡು ಬಾಯಲ್ಲಿ ಹೇಳಬಾರದ ಮಾತು. ಕರೆಂಟಾದರೂ ಹೋಗಲಿ ಎಂದು ನಾನು ಬೇಡಿಕೊಂಡೆ. ಬೇರೆ ದಿನ ಸೀನಿದರೆ ಹೋಗುವ ನಮ್ಮ ಬೀದಿಯ ಕರೆಂಟು ಹಬ್ಬವೆಂದು ಅವತ್ತು ಕಲ್ಲುಗುಂಡಿನ ಹಾಗೆ ನಿಂತಿತ್ತು. ಕೊನೆಗೆ ತೀರ್ಪಿಗೆಂದು ಕಲ್ಯಾಣದುರ್ಗಕ್ಕೆ ಫೋನ್ ಹಚ್ಚಿ ಅಕ್ಕನನ್ನು ಕೇಳಿದೆ. ಅವಳ ಸೀರೆ, ಅವಳ ಮಗಳು, ಅವಳಾದರೂ ಹೂಂ ಅನ್ನಲಿ.

"ಅಮ್ಮ ಯೋಳ್ದಂಗೆ ಕೇಳ್ಲಾ. ಶುಭಕಾರ್ಯ ಐತೆ. ಒಂದು ದಿನ ತಾನೆ, ಏನಾಯ್ತದೆ?" ಅಂದಳು ಅಕ್ಕ.

ನಾವು ಮೂವರೂ ಚಾಪೆ ಹಾಸಿ ಕೂತೆವು. ಕಾಲುಗಂಟೆ ಇದ್ದದ್ದು ಹತ್ತಾಯಿತು, ಐದಾಯಿತು. ಕ್ರಿಕೆಟ್ಟಿನ ಕೊನೆಯ ಓವರನ್ನೂ ನಾನು ಅಷ್ಟು ಬೆವರಿಕೊಂಡು ನೋಡಿಲ್ಲ. ಗಿಳಿಗಳು ಮಾಯವಾದವು. ಪರದೆ ನೀಲಿಯಾಯಿತು. ಚುಕ್ಕಿಗಳು ಗುಂಡಗೆ ಸುತ್ತತೊಡಗಿದವು. ಅಮ್ಮನಿಗೆ ಆನಂದವೋ ಆನಂದ. ಕರ್ಪೂರ ಹಚ್ಚಿಕೊಂಡು ಬಂದು ಇನ್ನೊಂದು ಆರತಿ ಎತ್ತಿದಳು.

"ನೋಡ್ಲಾ, ನೀನು ಮುಟ್ದೆ ಇದ್ರೂನೂ ಹೆಂಗೆ ತನ್ನಷ್ಟಕ್ಕೆ ತಾನು ಕೆಲ್ಸ ಮಾಡ್ತೈತೆ! ದಿನಾ ಪೂಜೆ ಮಾಡಿದ್ರೆ ನೀನೇ ಬೇಕಾಗಕಿಲ್ಲ."

ವಿಜಯದಶಮಿಯ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಒಳ್ಳೆಯ ಗಳಿಗೆ ನೋಡಿ ಮೌಸಿನ ಮೇಲಿನ ಹೂವು ತೆಗೆದೆ. ಕಂಪ್ಯೂಟರ್ ನನಗೆ ನಮಸ್ಕಾರ ಹೇಳಿತು. ನಿಮಗಾಗಿ ಎಲ್ಲವನ್ನೂ ಇನ್ನಷ್ಟು ಚೆನ್ನಾಗಿ ಮಾಡಿದ್ದೇವೆ ಅಂದಿತು. ನೀವು ಇದರಲ್ಲಿ ಏನು ಮಾಡಲು ಇಷ್ಟಪಡುತ್ತೀರಿ, ಆಟವೇ, ಓದೇ, ಮನರಂಜನೆಯೇ ಎಂದು ವಿಚಾರಿಸಿತು. ಅಂಚು ಹಾಕುವುದು ಎಂಬ ಉತ್ತರ ಅದರ ಪಟ್ಟಿಯಲ್ಲಿರಲಿಲ್ಲ. ಗಿಳಿಗಳು ಪರದೆಯ ಮೇಲೆ ಇದ್ದವು, ಆದರೆ ಚಿತ್ರವಾಗಿ ಮಾತ್ರ. ಡಿಸೈನಿನ ಸಾಫ್ಟ್‌ವೇರ್ ಒತ್ತಿದರೆ, ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಅಂದಿತು. ಪಂಚಿಂಗ್ ಮಿಷನ್ ಜೋಡಿಸಿದರೆ, ಗುರುತಿಲ್ಲದ ಸಾಧನ ಅಂದಿತು. ಇಷ್ಟು ವರ್ಷ ಒಂದೇ ಮೇಜಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದವನನ್ನು ನೀನು ಯಾರಪ್ಪ ಎಂದು ಕೇಳಿದ ಹಾಗಾಯಿತು. ನನಗೆ ನಿಜಕ್ಕೂ ಸಿಟ್ಟು ಬಂತು. ಬದಲಿಗೆ ಮೂಲೆಯಲ್ಲಿ ಹವಾಮಾನ ತೋರಿಸುತ್ತಿತ್ತು. ಯಾರು ಕೇಳಿದ್ದರು ಹವಾಮಾನ? ಕಿಟಕಿ ಇದೆಯಲ್ಲ.

ಅಮ್ಮ ದೃಷ್ಟಿ ತಗುಲಿದೆ ಅಂದಳು. ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಪರದೆಗೆ ಕಟ್ಟಿದಳು. ಆಯುಧಪೂಜೆಯ ನಿಯಮದಿಂದ ಹೀಗಾಯಿತು ಎಂದು ಅವಳಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸಾಫ್ಟ್‌ವೇರ್ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹಿಂದಿಯಲ್ಲಿ, ನಿಮ್ಮದು ತೀರಾ ಹಳೆಯದು, ಅದನ್ನು ನಾವೇ ಕೈಬಿಟ್ಟಿದ್ದೇವೆ ಅಂದಳು. ನಾನು ನನಗೆ ಬರುವ ಹಿಂದಿಯಲ್ಲಿ ಮದುವೆ, ಸೀರೆ, ಗಿಳಿ ಎಂದೆ. ಅವಳು ಅಭಿನಂದನೆ ಹೇಳಿದಳು. ಆಮೇಲೆ ಪೇಟೆಯ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದೆ. ಅವನು ಬಂದು ಕೂತು, ಟೀ ಕುಡಿದು, "ಫಾರ್ಮ್ಯಾಟ್ ಚೇಸೇಸ್ತಾನಣ್ಣಾ" ಅಂದ, ಎಲ್ಲ ಅಳಿಸಿ ಹೊಸದಾಗಿ ತುಂಬುತ್ತಾನಂತೆ. ಅವನದು ಎಲ್ಲ ಕಾಯಿಲೆಗೂ ಒಂದೇ ಮದ್ದು. ಫಾರ್ಮ್ಯಾಟ್ ಆದ ಮೇಲೆ ಆ ಹಳೆಯ ಸಾಫ್ಟ್‌ವೇರನ್ನು ಮತ್ತೆ ಎಲ್ಲಿಂದ ತರುವುದು ಎಂದು ಕೇಳಿದರೆ, "ಅದಿ ಮೀರು ಚೂಸ್ಕೋವಾಲಿ" ಅಂದ. ಅದು ನನ್ನ ಪಾಡಂತೆ.

ಬೇರೆ ಡಿಸೈನಿನವರ ಕಂಪ್ಯೂಟರಿನಲ್ಲಿ ಹಾಕಿ ಕಾರ್ಡು ಹೊಡೆಸಬಹುದಲ್ಲ ಎಂದು ನೀವು ಕೇಳಬಹುದು. ನಮ್ಮ ಕಸುಬು ಗೊತ್ತಿಲ್ಲದವರು ಕೇಳುವ ಮಾತು ಅದು. ಪಕ್ಕದ ಬೀದಿಯವನ ಕಂಪ್ಯೂಟರಿಗೆ ಡಿಸೈನ್ ಬೆಳಿಗ್ಗೆ ಹೋದರೆ, ಸಂಜೆಗೆ ಅವನ ಭಾವಮೈದನ ಮಗ್ಗದ ಮೇಲೆ ಇರುತ್ತದೆ. ಮದುವೆಯ ಹೊತ್ತಿಗೆ ಪರಿಗಿಯಿಂದ ಸೋಮಂದೇಪಲ್ಲಿಯವರೆಗೆ ಎಲ್ಲ ಹೆಂಗಸರ ಮೈಮೇಲೂ ನನ್ನ ಗಿಳಿಗಳೇ ಕೂತಿರುತ್ತವೆ. ಅಕ್ಕನ ಅತ್ತೆ ಆಗ ಏನು ಅಂದಾರು?

ಅಕ್ಕ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. "ಕಾರ್ಡು ಹೊಡ್ದೇನ್ಲಾ?"

"ಆಯ್ತಾ ಐತೆ ಕಣಕ್ಕ."

"ಮಗ್ಗಕ್ಕೆ ಏರಿಸ್ದಾ?"

"ಏರಿಸ್ತೀನಿ."

ಅವಳ ದನಿಯಲ್ಲಿ ಚಿಕ್ಕ ಹುಡುಗಿಯ ಸಡಗರವಿತ್ತು. ಬೆಟ್ಟದಂಥ ಹೆಂಗಸು, ಇಬ್ಬರು ಮಕ್ಕಳನ್ನು ಸಾಕಿದವಳು, ಗಿಳಿಯ ಮೂತಿ ಯಾವ ಕಡೆ ಇದೆ ಎಂದು ಕೇಳಿ ನಗುತ್ತಿದ್ದಳು. ಕಂಪ್ಯೂಟರ್ ನಿಂತಿದೆ ಎನ್ನುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಹೇಳುತ್ತಿದ್ದೆ.

ಕೊನೆಗೆ ವಿಷಯ ಹೊರಹಾಕಿದ್ದು ನನ್ನ ಹೆಂಡತಿ. ಅಕ್ಕನಿಗಲ್ಲ, ಮದುವೆ ಹುಡುಗಿಗೆ. ಅಕ್ಕನ ಮಗಳು ಕಲ್ಯಾಣದುರ್ಗದಲ್ಲಿ ಒಂದು ಇಂಟರ್‌ನೆಟ್ ಸೆಂಟರ್ ನೋಡಿಕೊಳ್ಳುತ್ತಾಳೆ. ಜನರಿಗೆ ಅರ್ಜಿ ತುಂಬಿಕೊಡುತ್ತಾಳೆ, ಜೆರಾಕ್ಸ್ ಹೊಡೆಯುತ್ತಾಳೆ. ಅಪ್‌ಡೇಟ್ ಬಂದಾಗಲೆಲ್ಲ ಅವಳ ಪ್ರಿಂಟರ್ ಮುನಿಸಿಕೊಳ್ಳುವುದರಿಂದ ಆ ಯುದ್ಧದಲ್ಲಿ ಪಳಗಿದ್ದಳು. ಅವಳೇ ನನಗೆ ಫೋನ್ ಮಾಡಿದಳು.

"ಮಾವ, ಯಾರ ಕೈಲೂ ಫಾರ್ಮ್ಯಾಟ್ ಮಾಡಿಸ್ಬೇಡ. ಹಳೇದಕ್ಕೆ ವಾಪಸ್ ಹೋಗೋಕೆ ಒಂದು ದಾರಿ ಐತೆ. ಆದ್ರೆ ಆ ದಾರಿ ಕೆಲವು ದಿನ ಮಾತ್ರ ತೆಗೆದಿರ್ತದೆ, ಆಮೇಲೆ ತಾನೇ ಮುಚ್ಕೊಂಡ್ಬುಡ್ತದೆ. ಇಷ್ಟು ದಿನ ಏನ್ಮಾಡ್ತಿದ್ದೆ?"

"ನಿಂಬೆಹಣ್ಣು ಕಟ್ಟಿದ್ದೆ" ಅಂದೆ.

ಫೋನಿನಲ್ಲಿ ಹೇಳಿಕೊಟ್ಟಳು, ಒತ್ತಿದೆ. ಕಂಪ್ಯೂಟರ್ ಆರಿತು, ಹತ್ತಿತು, ಚುಕ್ಕಿಗಳು ಸುತ್ತತೊಡಗಿದವು, ಸುತ್ತುತ್ತಲೇ ಇದ್ದವು. ಊಟ ಮಾಡಿ ಬಂದರೂ ಸುತ್ತುತ್ತಿದ್ದವು. ಈಗ ಹೊಸದೂ ಇಲ್ಲ, ಹಳೆಯದೂ ಇಲ್ಲ.

"ಅಂಗಾದ್ರೆ ಒಳಗೆ ಬೇರೆ ದಾರೀಲಿ ನುಗ್ಬೇಕು. ಅದು ನಿನ್ ಕೈಲಿ ಆಗಕಿಲ್ಲ ಮಾವ, ನಾನೇ ಕೂತ್ಕೋಬೇಕು. ನಾಳೆ ದಾಟಿದ್ರೆ ಅದೂ ಇಲ್ಲ" ಅಂದಳು.

ಅವಳು ಹಿಂದೂಪುರಕ್ಕೆ ಬರುವ ಹಾಗಿರಲಿಲ್ಲ. ನಿಶ್ಚಿತಾರ್ಥ ಆದ ಹುಡುಗಿ ಊರು ದಾಟಬಾರದು ಎಂದು ಅವಳ ಅಜ್ಜಿ, ಅಂದರೆ ಅದೇ ಅಕ್ಕನ ಅತ್ತೆ, ಗೆರೆ ಎಳೆದಿದ್ದರು. ಆದ್ದರಿಂದ ಮರುದಿನ ಬೆಳಿಗ್ಗೆ ನಾನು ಕಂಪ್ಯೂಟರಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ವಿಭೂತಿ ಒರೆಸಲು ಅಮ್ಮ ಬಿಡಲಿಲ್ಲ. ಪ್ರಯಾಣಕ್ಕೆ ಹೊರಟ ವಸ್ತುವಿನಿಂದ ಹಾರ ತೆಗೆಯಬಾರದು ಅಂದಳು. ಬಾಡಿದ ಚೆಂಡುಹೂವಿನ ಹಾರ, ಮೂರು ಬೆರಳು ವಿಭೂತಿ, ನಡುವೆ ಕಾಸಗಲ ಕುಂಕುಮ.

ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ ಬಸ್ಸಿನಲ್ಲಿ ಗಂಡಸರಿಗೆ ಸೀಟೂ ಇಲ್ಲ. ಕಂಬಿಗೆ ಒರಗಿ ಪೆಟ್ಟಿಗೆ ಅಪ್ಪಿಕೊಂಡು ನಿಂತೆ. ಸೋಮಂದೇಪಲ್ಲಿಯಲ್ಲಿ ಹತ್ತಿದ ಒಬ್ಬ ಮುದುಕಿ ನನ್ನನ್ನೂ ಪೆಟ್ಟಿಗೆಯನ್ನೂ ನೋಡಿ, ಕೈಮುಗಿದು, "ಏ ದೇವುಡು ನಾಯನಾ?" ಎಂದು ಕೇಳಿದಳು. ಯಾವ ದೇವರೆಂದು ಹೇಳಲಿ? ಕಂಪ್ಯೂಟರ್ ಅಂದೆ. ಅವಳು ನಂಬಲಿಲ್ಲ. ಎದುರಿನ ಸೀಟಿನವಳನ್ನು ಎಬ್ಬಿಸಿ, ದೇವರನ್ನು ನಿಲ್ಲಿಸಿ ತಾವು ಕೂರುವುದು ತಪ್ಪೆಂದು ನನಗೆ ಸೀಟು ಕೊಡಿಸಿದಳು. ಕಂಡಕ್ಟರ್ ಬಂದು ಲಗೇಜಿಗೆ ಟಿಕೆಟ್ ಹರಿಯಲು ಹೊರಟ. ಇಡೀ ಬಸ್ಸಿನ ಹೆಂಗಸರು ಅವನ ಮೇಲೆ ಬಿದ್ದರು. ದೇವರಿಗೆ ಟಿಕೆಟ್ ಕೇಳುತ್ತೀಯಾ ಎಂದು ಬೈದರು. ರೊದ್ದಂ ಹತ್ತಿರ ಇಳಿದ ಒಬ್ಬಳು ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಮುಖ ಗಂಟು ಹಾಕಿಕೊಂಡು ಪೂಜಾರಿಯ ಹಾಗೆ ಕೂತಿದ್ದೆ. ಒಳಗೊಳಗೆ, ಇಷ್ಟು ಜನ ಕೈಮುಗಿದಿದ್ದಾರೆ, ನೀನಾದರೂ ಕೆಲಸ ಮಾಡು ಮಾರಾಯ ಎಂದು ನಾನೂ ಕೇಳಿಕೊಂಡೆ.

ಅಕ್ಕನ ಮನೆ ತಲುಪಿದಾಗ ನಡುಮನೆಯಲ್ಲಿ ಅಕ್ಕ ನಿಂತಿದ್ದಳು. ಮಗಳು ಅವಳಿಗೆ ಎಲ್ಲ ಹೇಳಿದ್ದಳು. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಪೆಟ್ಟಿಗೆಯ ಮೇಲಿನ ಹಾರ ನೋಡಿ ಅವಳ ಮುಖ ಇಷ್ಟೇ ಆಯಿತು.

"ನಾನೇ ಅಲ್ವೇನ್ಲಾ ಮುಟ್ಬೇಡ ಅಂದಿದ್ದು" ಅಂದಳು. ಅಷ್ಟು ಹೇಳಿ ಒಳಗೆ ಹೋಗಿ ಉಗ್ಗಾಣಿಗೆ ಮಂಡಕ್ಕಿ ನೆನೆಹಾಕಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹುಡುಗಿ ಸೆಂಟರಿನಿಂದ ಪರದೆ, ಕೀಬೋರ್ಡು ತಂದು ಜೋಡಿಸಿದಳು. ಅಕ್ಕನ ಅತ್ತೆ ಕೋಲು ಹಿಡಿದು ಬಂದು ಎದುರಿಗೆ ಕುರ್ಚಿ ಹಾಕಿಸಿಕೊಂಡರು. ಇದರೊಳಗೆ ಮುಹೂರ್ತದ ಸೀರೆಯ ಚಿತ್ರವಿದೆ, ಹುಡುಗಿ ನೋಡಬಾರದು ಎಂದು ನಾನೇ ಹೇಳಿದೆ. ಹೇಳಬಾರದಿತ್ತು. ಅವರಿಗೆ ಒಂದು ಕೆಲಸ ಸಿಕ್ಕಿತು.

ಪರದೆ ಕಪ್ಪಗೆ, ನೀಲಿಯಾಗಿ ಇರುವಷ್ಟು ಹೊತ್ತು ಹುಡುಗಿ ಎದುರಿಗೇ ಕೂತು ಏನೇನೋ ಒತ್ತಿದಳು. ಆರಿಸಿದಳು, ಹಚ್ಚಿದಳು, ಮತ್ತೆ ಆರಿಸಿದಳು. ಸುತ್ತುವ ಚುಕ್ಕಿಗಳು ಒಮ್ಮೆ ನಿಂತವು. ಗಿಳಿಯ ಬಾಲ ಕಂಡಿತೋ ಇಲ್ಲವೋ, ಅಜ್ಜಿ ಕೋಲು ಕುಟ್ಟಿದರು.

"ತಿರುಗೇ! ತಿರುಗು ಆ ಕಡೆ!"

ಹುಡುಗಿ ಗೋಡೆಯ ಕಡೆ ತಿರುಗಿ ಕೂತಳು. ಇನ್ನು ಮೇಲೆ ನಾನು ಓದಬೇಕು, ಅವಳು ಹೇಳಬೇಕು, ನಾನು ಒತ್ತಬೇಕು.

"ಮಾವ, ಹಲ್ಲು ಚಕ್ರದ ಗುರುತು ಐತಾ?"

"ಐತೆ."

"ಒತ್ತು. ಏನು ಬಂತು?"

"ಕಲ್ಯಾಣದುರ್ಗದಾಗೆ ಜೋರು ಮಳೆ ಅಂತ ಬಂತು." ಹೊರಗೆ ನೆತ್ತಿ ಸುಡುವ ಬಿಸಿಲಿತ್ತು.

"ಅದಲ್ಲ ಮಾವ, ಅದರ ಪಕ್ಕದ್ದು!"

ಅಷ್ಟರಲ್ಲಿ ಅಜ್ಜಿಗೆ ಇನ್ನೊಂದು ಹೊಳೆಯಿತು. ಹುಡುಗಿಯ ಎದುರಿನ ಗೋಡೆಯಲ್ಲಿ ತಾತನ ಫೋಟೋ ಇತ್ತು. ಅದರ ಗಾಜಿನಲ್ಲಿ ಪರದೆಯೆಲ್ಲ ಕಾಣುತ್ತಿತ್ತು. ಕಳ್ಳಿ, ಅವಳು ಬಾಯಿ ಬಿಟ್ಟಿರಲಿಲ್ಲ. ಅಜ್ಜಿ ಎದ್ದು ಹೋಗಿ ತಮ್ಮ ಗಂಡನ ಮುಖಕ್ಕೆ ಟವೆಲ್ ಹೊದಿಸಿದರು.

ಕೊನೆಗೆ 'ಹಿಂದಕ್ಕೆ ಹೋಗು' ಎಂಬ ಗುಂಡಿ ಸಿಕ್ಕಿತು. ಒತ್ತಿದೆ. ಕಂಪ್ಯೂಟರ್ ನೇರವಾಗಿ ಹೋಗಲು ಬಿಡಲಿಲ್ಲ. ಯಾಕೆ ಹಿಂದಕ್ಕೆ ಹೋಗುತ್ತಿದ್ದೀರಿ ಎಂದು ಕೇಳಿತು. ಹಳೆಯದು ಸುಲಭವಾಗಿತ್ತೆ, ವೇಗವಾಗಿತ್ತೆ ಎಂದು ಕಾರಣಗಳ ಪಟ್ಟಿ ಕೊಟ್ಟಿತು.

"ಯಾವ್ದಾದ್ರೂ ಒಂದು ಒತ್ತು ಮಾವ, ಯಾರೂ ನೋಡಕಿಲ್ಲ" ಅಂದಳು ಹುಡುಗಿ.

ನನಗೆ ಮನಸ್ಸು ಬರಲಿಲ್ಲ. ತಿಂಗಳುಗಟ್ಟಲೆ ಈಗಲೋ ಆಮೇಲೋ ಎಂಬುದನ್ನು ಬಿಟ್ಟು ಬೇರೇನೂ ಕೇಳದಿದ್ದ ಯಂತ್ರ ಮೊದಲ ಸಲ ನನ್ನ ಕಷ್ಟವೇನೆಂದು ಕೇಳುತ್ತಿತ್ತು. ಕೆಳಗೆ, ಬೇರೆ ಕಾರಣವಿದ್ದರೆ ಬರೆಯಿರಿ ಎಂದು ಜಾಗ ಕೊಟ್ಟಿತ್ತು. ಕೂತು ಬರೆದೆ. ನನ್ನ ಅಕ್ಕನ ಮಗಳ ಮದುವೆ ಎಂದು ಶುರುಮಾಡಿ, ಅಕ್ಕನ ಮದುವೆಯಲ್ಲಿ ನಡೆದದ್ದು, ಅವಳ ಅತ್ತೆ ಅಂದದ್ದು, ಅಕ್ಕ ಸುಮ್ಮನಿದ್ದದ್ದು, ಎಲ್ಲವನ್ನೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದವನು ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿಕೊಂಡು ಬರೆಯುತ್ತಿದ್ದೆ.

ಅರ್ಧಕ್ಕೆ ಬಂದು ತಲೆಯೆತ್ತಿದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅಜ್ಜಿ ಕೋಲಿನ ಮೇಲೆ ಗಲ್ಲ ಊರಿ ನನ್ನನ್ನೇ ನೋಡುತ್ತಿದ್ದರು. ಬರೆಯುವುದನ್ನು ನಿಲ್ಲಿಸಿದೆ.

"ನಿಲ್ಲಿಸ್ದೆ ಯಾಕಪ್ಪ? ಬರಿ" ಅಂದರು ಅಜ್ಜಿ. ದನಿಯಲ್ಲಿ ಏನಿದೆಯೆಂದು ತಿಳಿಯಲಿಲ್ಲ. ನಾನು ಚುಕ್ಕಿ ಇಟ್ಟು ಮುಗಿಸಿ ಒತ್ತಿದೆ. ಕಂಪ್ಯೂಟರ್ ಎಲ್ಲ ಕೇಳಿಕೊಂಡು, ಹೋಗುವ ಮುನ್ನ ಇನ್ನೊಂದು ಅಪ್‌ಡೇಟ್ ಹಾಕಿ ನೋಡುತ್ತೀರಾ ಎಂದು ಕೇಳಿತು.

"ಬ್ಯಾಡ ಅನ್ನು!" ಮೂವರು ಹೆಂಗಸರೂ ಒಟ್ಟಿಗೆ ಕೂಗಿದರು.

ಬಹಳ ಹೊತ್ತು ಹಿಡಿಯಿತು. ಉಗ್ಗಾಣಿ ತಣ್ಣಗಾಯಿತು, ಬಜ್ಜಿಯನ್ನು ಯಾರೂ ಮುಟ್ಟಲಿಲ್ಲ. ಹಳೆಯ ಪರದೆ ಬಂದಾಗ ಅದರಲ್ಲಿ ಹವಾಮಾನವಿರಲಿಲ್ಲ, ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು. ಸಾಫ್ಟ್‌ವೇರ್ ಒತ್ತಿದೆ. ತೆರೆಯಿತು. ಬಳ್ಳಿ, ಎಲೆ, ಜೋಡಿ ಗಿಳಿ, ಕೊಕ್ಕು. ಒಂದು ಚೌಕವೂ ಕದಲಿರಲಿಲ್ಲ. ಅಕ್ಕ ಬಂದು ನನ್ನ ಭುಜದ ಹಿಂದೆ ನಿಂತು ಬಗ್ಗಿ ನೋಡಿದಳು. ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿದಳು. ಹುಡುಗಿ ಇನ್ನು ಯಾವ ಅಪ್‌ಡೇಟೂ ಬರದಂತೆ ನನ್ನ ಕೈಯಲ್ಲೇ ಬೀಗ ಹಾಕಿಸಿದಳು. ಅಷ್ಟೂ ಹೊತ್ತು ಗೋಡೆ ನೋಡಿ ಅವಳ ಕತ್ತು ಹಿಡಿದುಕೊಂಡಿತ್ತು.

ಆಮೇಲಿನದು ನಮ್ಮ ಎಂದಿನ ಕೆಲಸ. ಊರಿಗೆ ಬಂದು ಕಾರ್ಡು ಹೊಡೆದೆ. ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಮಗ್ಗಕ್ಕೆ ಕೂತೆವು. ಗಿಳಿ ಮೊದಲು ಕೊಕ್ಕು ತೋರಿಸಿದ ದಿನ ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿ, ಇದೆಲ್ಲ ಪೂಜೆಯ ಫಲ ಅಂದಳು. ನಾವು ಹೌದೆಂದೆವು.

ಮದುವೆ ಕಲ್ಯಾಣದುರ್ಗದ ಛತ್ರದಲ್ಲಿ. ಸೀರೆಯನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ಹುಡುಗಿಯ ಕೋಣೆಯ ಬಾಗಿಲಲ್ಲಿ ಕೊಟ್ಟು ಬಂದೆ. ಬಾಗಿಲು ಮುಚ್ಚಿತು. ಮತ್ತೆ ತೆರೆಯಲೇ ಇಲ್ಲ. ಗಂಡು ಬಂದು ಕೂತಾಯಿತು. ಪುರೋಹಿತರು ಹುಡುಗಿಯನ್ನು ಕರೆತನ್ನಿ ಎಂದು ತೆಲುಗಿನಲ್ಲಿ ಒಂದು ಸಲ ಕೂಗಿದರು, ಇನ್ನೊಂದು ಸಲ ಕೂಗಿದರು. ಅಕ್ಕನೂ ಎಲ್ಲೂ ಕಾಣಲಿಲ್ಲ. ಜರಿ ಎಲ್ಲಾದರೂ ಕಿತ್ತು ಬಂತೋ, ಸೆರಗು ಗಿಡ್ಡವಾಯಿತೋ. ಅಜ್ಜಿ ಕೋಲು ಊರಿಕೊಂಡು ಕೋಣೆಯ ಕಡೆ ಹೊರಟರು, ನಾನೂ ಹಿಂದೆಯೇ ಓಡಿದೆ. ಅವರು ಬಾಗಿಲು ತಳ್ಳಿದರು.

ಹುಡುಗಿ ಹೂವು, ಒಡವೆ, ಬಾಸಿಂಗ ಎಲ್ಲ ಏರಿಸಿಕೊಂಡು ಮನೆಯಲ್ಲಿ ಉಡುವ ಹಳೆಯ ಸೀರೆಯಲ್ಲಿಯೇ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ನೆರಿಗೆ ಸರಿಮಾಡುತ್ತಿದ್ದಳು. ನೆರಿಗೆ ಅಕ್ಕನದು. ಮುಹೂರ್ತದ ಸೀರೆ ಉಟ್ಟು ನಿಂತಿದ್ದವಳು ನನ್ನ ಅಕ್ಕ.

"ಒಂದೇ ನಿಮಿಷ ಮಾವ. ಅಮ್ಮ ಒಂದ್ಸಲ ಉಟ್ಕೊಂಡ್ಲಿ ಅಂತ ನಾನೇ ಅಂದೆ" ಅಂದಳು ಹುಡುಗಿ. ಅಕ್ಕನ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಕನ್ನಡಿಯಲ್ಲಿ ತನ್ನ ಅತ್ತೆಯ ಮುಖ ಕಂಡು ಅವಳ ಕೈ ಸೆರಗಿನ ಮೇಲೆಯೇ ನಿಂತುಬಿಟ್ಟಿತು. ಬಿಚ್ಚಲೂ ಇಲ್ಲ, ತಿರುಗಲೂ ಇಲ್ಲ.

ಮುಹೂರ್ತದ ಸೀರೆಯನ್ನು ಹುಡುಗಿಗಿಂತ ಮುಂಚೆ ಇನ್ನೊಬ್ಬರು ಉಡುವುದು ಎಲ್ಲಾದರೂ ಉಂಟೇ? ಅಜ್ಜಿ ಈಗ ಛತ್ರ ಹಾರಿಹೋಗುವ ಹಾಗೆ ಕೂಗುತ್ತಾರೆ ಎಂದುಕೊಂಡೆ. ಅವರು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. ನೋಡಿ, ಹಿಂದಕ್ಕೆ ಸರಿದು, ಬಾಗಿಲನ್ನು ತಾವೇ ಎಳೆದುಕೊಂಡರು.

"ಹುಡ್ಗಿ ಸೀರೆ ಉಡ್ತವ್ಳೆ ಕಣ್ರಯ್ಯಾ, ಕಾಯ್ರಿ! ಏನು ಅವಸರ ಬಂದೈತೆ ನಿಮ್ಗೆ?" ಎಂದು ಪುರೋಹಿತರ ಕಡೆ ಕೋಲು ಎತ್ತಿ ಗದರಿದರು.

ಅವರು ಕುರ್ಚಿ ಎಳೆದು ಬಾಗಿಲಿಗೆ ಅಡ್ಡವಾಗಿ ಕೂತರು. ನಾನು ಅವರ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.